ನಳ ಬಂದ ಮೇಲಿನ ಕೆಲಸ: ಕಲಬುರಗಿ, ಬೀದರ್, ಯಾದಗಿರಿಯ ನೀರು ಮತ್ತು ನೈರ್ಮಲ್ಯ

ಹಳ್ಳಿಯ ಪ್ರತಿ ಮನೆಗೂ ನಳದ ನೀರು ಕೊಡುವ ಗಡುವು 2024 ಇದ್ದದ್ದು ಈಗ 2028ಕ್ಕೆ ಹೋಗಿದೆ. 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾದಾಗ ದೇಶದ ಗ್ರಾಮೀಣ ಮನೆಗಳಲ್ಲಿ ನೂರಕ್ಕೆ 17ರಲ್ಲಷ್ಟೇ ನಳ ಇತ್ತು. ಆರು ವರ್ಷದಲ್ಲಿ ಅದು 80ರ ಆಸುಪಾಸಿಗೆ ಬಂತು. ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟೊಂದು ಮನೆಗಳಿಗೆ ಪೈಪು ಮುಟ್ಟಿಸಿದ್ದು ಸಣ್ಣ ಕೆಲಸವಲ್ಲ, ಅದನ್ನು ಮನಸಾರೆ ಒಪ್ಪಬೇಕು. ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಹೆಸರಾದ ಈ ಯೋಜನೆಯ ಗುರುತು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಊರುಗಳಲ್ಲಿ ಕಣ್ಣಿಗೆ ಬೀಳುತ್ತದೆ: ಬಾಗಿಲ ಪಕ್ಕ ಸಿಮೆಂಟಿನ ಮೋಟು ಕಂಬ, ಅದಕ್ಕೊಂದು ನಳ, ಸಿಸಿ ರಸ್ತೆಯಲ್ಲಿ ಅಗೆದು ಮುಚ್ಚಿದ ಉದ್ದನೆಯ ಗೆರೆ.

ಆ ನಳದಲ್ಲಿ ಏಪ್ರಿಲ್‌ನಲ್ಲಿ ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ? ಬಂದ ನೀರು ಕುಡಿಯಲು ಯೋಗ್ಯವೇ? ಪಂಪು ಸುಟ್ಟರೆ ಎಷ್ಟು ದಿನಕ್ಕೆ ರಿಪೇರಿಯಾಗುತ್ತದೆ? ನನ್ನ ಮಟ್ಟಿಗೆ ಇಂದಿನ ನಿಜವಾದ ಸಮಸ್ಯೆ ಈ ಮೂರು ಪ್ರಶ್ನೆಗಳಲ್ಲಿದೆ. ಸರ್ಕಾರದ ಹಣ, ಗಮನ, ಗುತ್ತಿಗೆ, ಉದ್ಘಾಟನೆ ಎಲ್ಲವೂ ಪೈಪು ಹಾಕುವ ಕೆಲಸದ ಸುತ್ತ ಇವೆ. ಹಾಕಿದ್ದನ್ನು ದಿನಾ ನಡೆಸುವ ಕೆಲಸ ಮಾತ್ರ ಆದಾಯವಿಲ್ಲದ ಪಂಚಾಯಿತಿ, ಕೈಗೆ ಸರಿಯಾಗಿ ಸಂಬಳ ಸೇರದ, ಊರಿಗೆ ನೀರು ಬಿಡುವ ನೀರುಗಂಟಿ ಮತ್ತು ಮನೆಯ ಹೆಣ್ಣುಮಕ್ಕಳ ಹೆಗಲಿಗೆ ಬಿದ್ದಿದೆ.

ಜಗತ್ತಿನ ಮಟ್ಟದಲ್ಲಿ ನೀರಿನ ಲೆಕ್ಕ ಇಡುವವರು ಈ ವ್ಯತ್ಯಾಸವನ್ನು ಯಾವಾಗಲೋ ಕಂಡುಕೊಂಡಿದ್ದಾರೆ. 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ನೀರು ಮತ್ತು ನೈರ್ಮಲ್ಯವನ್ನು ಮಾನವ ಹಕ್ಕೆಂದು ಒಪ್ಪಿತು. 2015ರ ಸುಸ್ಥಿರ ಅಭಿವೃದ್ಧಿ ಗುರಿಗಳು ಅದಕ್ಕೆ 2030ರ ಗಡುವು ಹಾಕಿದವು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಮಾಡುವ ಎಣಿಕೆಯಲ್ಲಿ ನಳ ಇದ್ದರಷ್ಟೇ ಸಾಲದು. ನೀರು ಮನೆಯ ಆವರಣದಲ್ಲೇ ಸಿಗಬೇಕು, ಬೇಕಾದಾಗ ಸಿಗಬೇಕು, ಅದರಲ್ಲಿ ರೋಗಾಣುವೂ ವಿಷಕಾರಿ ರಾಸಾಯನಿಕವೂ ಇರಬಾರದು. ಮೂರೂ ಕೂಡಿದರೆ ಮಾತ್ರ ‘ಸುರಕ್ಷಿತವಾಗಿ ನಿರ್ವಹಿಸಿದ ನೀರು’. ಹೀಗೆ ಅಳೆದಾಗ 2022ರಲ್ಲಿ ಜಗತ್ತಿನ ಸುಮಾರು 220 ಕೋಟಿ ಜನರಿಗೆ ಅಂಥ ನೀರಿರಲಿಲ್ಲ, 350 ಕೋಟಿ ಜನರಿಗೆ ಅಂಥ ಶೌಚ ವ್ಯವಸ್ಥೆ ಇರಲಿಲ್ಲ. ನೀರು ಮನೆಯಲ್ಲಿ ಸಿಗದ ಹತ್ತು ಕುಟುಂಬಗಳಲ್ಲಿ ಏಳರಲ್ಲಿ ಅದನ್ನು ಹೊತ್ತು ತರುವವರು ಹೆಂಗಸರು, ಹುಡುಗಿಯರು.

ಜಲ ಜೀವನ್ ಮಿಷನ್ ಕೊಡುತ್ತೇನೆಂದದ್ದು ತಲೆಗೆ ದಿನಕ್ಕೆ 55 ಲೀಟರ್. ಐದು ಮಂದಿಯ ಮನೆಗೆ 275 ಲೀಟರ್. ಹದಿನೈದು ಲೀಟರ್ ಹಿಡಿಯುವ ಕೊಡದ ಲೆಕ್ಕದಲ್ಲಿ ಹದಿನೆಂಟು ಕೊಡಕ್ಕೂ ಹೆಚ್ಚು. ತಾಂಡಾದ ಕೆಳಗಿನ ಬೋರಿನಿಂದ ಹದಿನೆಂಟು ಕೊಡ ಹೊರುವ ಮನೆ ಯಾವುದೂ ಇಲ್ಲ. ಆರೇಳು ಕೊಡ ತಂದು ಅಷ್ಟರಲ್ಲೇ ಅಡಿಗೆ, ಮುಸುರೆ, ಸ್ನಾನ, ಎಮ್ಮೆಗೆ ನೀರು ಎಲ್ಲ ಮುಗಿಸುತ್ತಾರೆ. ಮೊದಲು ಕಡಿತವಾಗುವುದು ಕೈ ತೊಳೆಯುವ ನೀರು, ಆಮೇಲೆ ಸಂಡಾಸಕ್ಕೆ ಸುರಿಯುವ ನೀರು. ಶೌಚಾಲಯ ಕಟ್ಟಿಕೊಟ್ಟರೂ ಬಳಸುವುದಿಲ್ಲ ಎಂದು ಜನರನ್ನು ದೂರುವ ಅಧಿಕಾರಿಗಳು ಈ ಕೊಡದ ಲೆಕ್ಕವನ್ನೊಮ್ಮೆ ಹಾಕಬೇಕು.

ನೀರಿನ ಮೂಲದ ವಿಷಯಕ್ಕೆ ಬರೋಣ. ಕಲಬುರಗಿ ನಗರದ ದೊಡ್ಡ ಆಸರೆ ಸರಡಗಿಯ ಭೀಮಾ ಮತ್ತು ಬೆಣ್ಣೆತೊರಾ. ಭೀಮೆಯ ಮೇಲ್ಭಾಗದಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯವಿದೆ; ಅಲ್ಲಿಂದ ಬಿಟ್ಟರೆ ಬೇಸಿಗೆಯಲ್ಲಿ ಇಲ್ಲಿ ನದಿ, ಇಲ್ಲದಿದ್ದರೆ ಮರಳು. 2025ರ ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ಉಜನಿಯಿಂದ ಭೀಮೆಗೆ 1 ಟಿಎಂಸಿ ಬಿಡಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಹಾರಾಷ್ಟ್ರಕ್ಕೆ ಪತ್ರ ಬರೆದರು. ಅದೇ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಅದೇ ಭೀಮೆ ದಂಡೆ ಮೀರಿ ಕಲಬುರಗಿ, ಯಾದಗಿರಿಯ ಹೊಲಗಳನ್ನು ಮುಳುಗಿಸಿತು. ಒಂದೇ ನದಿಯನ್ನು ನಂಬಿ ಕಟ್ಟಿದ ಬಹುಗ್ರಾಮ ಕುಡಿಯುವ ನೀರಿನ ಯೋಜನೆ ಬೇಸಿಗೆಯಲ್ಲಿ ನೀರಿಲ್ಲದೆ, ನೆರೆಯಲ್ಲಿ ಕೆಸರು ತುಂಬಿ, ಎರಡು ಸಲ ನಿಲ್ಲುವ ಸಾಧ್ಯತೆ ಇದೆ. ಕೃಷ್ಣೆ, ಭೀಮೆ ಎರಡೂ ಹರಿಯುವ, ನಾರಾಯಣಪುರದ ಬಸವಸಾಗರ ಜಲಾಶಯವೂ ಇರುವ ಯಾದಗಿರಿಯಂಥ ಜಿಲ್ಲೆಯಲ್ಲಿ ನಲ್ವತ್ತು ಹಳ್ಳಿಗೆ ನೀರು ಒಯ್ಯುವ ಒಂದೇ ಪೈಪಿನಲ್ಲಿ ಕೊನೆಯ ಹಳ್ಳಿಯ ಪಾಲು ಎಷ್ಟು ಎಂಬುದನ್ನು ನಿರ್ಧರಿಸುವುದು ಕೊನೆಗೂ ನಡುವಿನ ವಾಲ್ವ್‌ಗಳೇ.

ನದಿ ಕೈಕೊಟ್ಟರೆ ಬೋರು. ನಮ್ಮ ನೆಲದಡಿ ಬಹುಪಾಲು ದಖ್ಖನ್ನಿನ ಬಸಾಲ್ಟ್ ಕಲ್ಲು. ನೀರು ನಿಲ್ಲುವುದು ಕಲ್ಲು ಸವೆದ ಪದರದಲ್ಲಿ, ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕಿದವರಿಗೆ ನೀರು, ಸಿಗದವರಿಗೆ ಸಾಲ. ಆಳಕ್ಕೆ ಹೋದಷ್ಟೂ ಬೇರೆ ಭಯಗಳಿವೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಹೆಸರನ್ನು ಈ ಭಾಗದ ಪ್ರತಿಯೊಬ್ಬ ಎಂಜಿನಿಯರ್ ನೆನಪಿಡಬೇಕು. ಹಳೆಯ ಚಿನ್ನದ ಗಣಿಗಾರಿಕೆಯ ಆ ಶಿಲಾಪಟ್ಟಿಯಲ್ಲಿ ಬೋರಿನ ನೀರಿನಲ್ಲಿ ಆರ್ಸೆನಿಕ್ ಇತ್ತು. ವರ್ಷಗಟ್ಟಲೆ ಅದನ್ನೇ ಕುಡಿದವರ ಅಂಗೈ, ಅಂಗಾಲು, ಚರ್ಮದ ಮೇಲೆ ಗಾಯ, ಗಂಟುಗಳಾದವು. 2013ರಲ್ಲಿ ಸಂಶೋಧಕರು ಅದನ್ನು ವೈಜ್ಞಾನಿಕವಾಗಿ ದಾಖಲಿಸಿದರು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 0.01 ಮಿಲಿಗ್ರಾಂ ಮೀರಿದ ಆರ್ಸೆನಿಕ್ ಇರುವ ನೀರು ಕುಡಿಯುವಂತಿಲ್ಲ. ಕಣ್ಣಿಗೆ ಕಾಣದ, ನಾಲಿಗೆಗೆ ತಿಳಿಯದ ವಿಷ ಅದು.

ಇದೇ ಕಥೆ ಬಾಂಗ್ಲಾದೇಶದಲ್ಲಿ ಎಷ್ಟೋ ಪಟ್ಟು ದೊಡ್ಡದಾಗಿ ನಡೆದಿದೆ. ಕೆರೆ-ಕುಂಟೆಯ ನೀರಿನಿಂದ ಮಕ್ಕಳು ಭೇದಿಯಾಗಿ ಸಾಯುತ್ತಿದ್ದಾರೆಂದು 1970ರ ದಶಕದಿಂದ ಅಲ್ಲಿ ಲಕ್ಷಾಂತರ ಕೊಳವೆಬಾವಿ ಕೊರೆಸಲಾಯಿತು. ಉದ್ದೇಶ ಒಳ್ಳೆಯದು, ರೋಗಾಣು ಕಡಿಮೆಯಾದದ್ದೂ ನಿಜ. ಆ ನೀರಿನಲ್ಲಿ ಆರ್ಸೆನಿಕ್ ಇದೆಯೇ ಎಂದು ಯಾರೂ ಪರೀಕ್ಷಿಸಿರಲಿಲ್ಲ. ಗೊತ್ತಾದದ್ದು 1990ರ ದಶಕದಲ್ಲಿ, ಕೋಟಿಗಟ್ಟಲೆ ಜನ ಕುಡಿದ ಮೇಲೆ. ಬೋರು ಕೊರೆದ ದಿನವೇ ನೀರನ್ನು ಪ್ರಯೋಗಾಲಯಕ್ಕೆ ಕಳಿಸುವುದು ಖರ್ಚಿನ ಬಾಬತ್ತಲ್ಲ, ಪ್ರಾಣದ ಬಾಬತ್ತು. ಫ್ಲೋರೈಡ್‌ಗೂ ಇದೇ ಮಾತು ಹೊಂದುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಬಾಲ್ಯದಲ್ಲಿ ಕುಡಿದವರ ಹಲ್ಲಿನ ಕಲೆ ಮುಂದೆ ಯಾವ ಔಷಧಕ್ಕೂ ಹೋಗುವುದಿಲ್ಲ.

ನನ್ನ ದೃಷ್ಟಿಯಲ್ಲಿ ಅತ್ಯಂತ ಕಡಿಮೆ ಚರ್ಚೆಯಾಗುವ, ಅತಿ ಹೆಚ್ಚು ಕಾಯಿಲೆ ತರುವ ವಿಷಯ ಬೇರೊಂದಿದೆ: ನೀರನ್ನು ಬಿಟ್ಟು ಬಿಟ್ಟು ಕೊಡುವ ಪದ್ಧತಿ.

ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ ನೀರು ಬರುವ ಯಾವುದೇ ಓಣಿಯಲ್ಲಿ ನಿಂತು ನೋಡಿ. ‘ನಳ ಬಂದಾವ’ ಎಂಬ ಕೂಗು ಬಿದ್ದ ಕೂಡಲೇ ಮೊದಲು ಆಗುವ ಕೆಲಸ ಉಳಿದ ಹಳೆಯ ನೀರನ್ನು ಚೆಲ್ಲುವುದು. ಹೊಸ ನೀರಿಗೆ ಕೊಡ ಖಾಲಿಯಾಗಬೇಕಲ್ಲ. ಆಮೇಲೆ ಮೋಟಾರ್ ಹಚ್ಚುತ್ತಾರೆ. ಒಬ್ಬರು ಎಳೆದರೆ ಪಕ್ಕದ ಮನೆಗೆ ಬರುವುದಿಲ್ಲ, ಹಾಗಾಗಿ ಅವರೂ ಹಚ್ಚುತ್ತಾರೆ. ಒತ್ತಡ ಕಡಿಮೆಯಿರುವ ತಗ್ಗಿನ ಓಣಿಯಲ್ಲಿ ನಳದ ತೋಟಿ ಬಿಚ್ಚಿ, ನೆಲ ಅಗೆದು, ಮೊಣಕಾಲುದ್ದದ ಗುಂಡಿಯೊಳಗೆ ಪೈಪಿನ ಬಾಯಿ ಇಟ್ಟಿರುತ್ತಾರೆ. ಗುಂಡಿಗೆ ಇಳಿದು ಕೊಡ ಒಡ್ಡಿದರೆ ಸ್ವಲ್ಪ ಬೇಗ ತುಂಬುತ್ತದೆ. ನೀರು ನಿಂತ ಮೇಲೆ ಅದೇ ಗುಂಡಿಯಲ್ಲಿ ಬಟ್ಟೆ ಒಗೆದ ನೀರು, ಗಟಾರದ ನೀರು ನಿಲ್ಲುತ್ತದೆ. ಪೈಪು ಖಾಲಿಯಾದಾಗ ಒಳಗೆ ನಿರ್ವಾತ ಉಂಟಾಗಿ, ಬಿಚ್ಚಿದ ಬಾಯಿಯಿಂದಲೂ ಗಟಾರದ ಪಕ್ಕ ಸೋರುವ ಜಾಯಿಂಟಿನಿಂದಲೂ ಆ ಕೊಳೆ ಒಳಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಮೊದಲು ಬರುವ ಹಳದಿ ನೀರು ಇದೇ. ಮೇಲಿನ ಟ್ಯಾಂಕಿಗೆ ಎಷ್ಟೇ ಬ್ಲೀಚಿಂಗ್ ಪೌಡರ್ ಹಾಕಿದರೂ ದಾರಿಯಲ್ಲಿ ಸೇರಿದ ಕೊಳೆಗೆ ಅದು ಸಾಲದು. ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ನಿಯಮ ಇರುವುದೇ ಈ ಕಾರಣಕ್ಕೆ.

ಇದು ಊಹೆಯಲ್ಲ. ವಿಶ್ವಬ್ಯಾಂಕ್ ಸಾಲದ ಯೋಜನೆಯಡಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ವಾರ್ಡ್‌ಗಳಿಗೆ 2008ರ ಹೊತ್ತಿಗೆ 24 ಗಂಟೆಯೂ ನೀರು ಬರತೊಡಗಿತು. ಹುಬ್ಬಳ್ಳಿ-ಧಾರವಾಡದಲ್ಲಿ ಸಂಶೋಧಕರು ಒಂದು ವರ್ಷ ಎರಡೂ ಬಗೆಯ ವಾರ್ಡ್‌ಗಳ ನಳದ ನೀರು ಹಿಡಿದು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಲದ ಸೋಂಕು ಸೂಚಿಸುವ ಇ-ಕೋಲಿ ನಿರಂತರ ನೀರಿನ ಮಾದರಿಗಳಲ್ಲಿ 0.7%ರಲ್ಲಿ ಸಿಕ್ಕಿತು, ಬಿಟ್ಟು ಬಿಟ್ಟು ಬರುವ ನೀರಿನಲ್ಲಿ 31.7%ರಲ್ಲಿ. ಊರು ಒಂದೇ, ವ್ಯತ್ಯಾಸ ಪೈಪಿನಲ್ಲಿ ಒತ್ತಡ ಸದಾ ಇದೆಯೇ ಇಲ್ಲವೇ ಎಂಬುದು. ಅದೇ ನಗರದಲ್ಲಿ ನಡೆದ ಇನ್ನೊಂದು ಅಧ್ಯಯನ ಹೇಳಿದ್ದು ಇನ್ನೂ ಮುಖ್ಯ: ಚಿಕ್ಕ ಮಕ್ಕಳ ಒಟ್ಟು ಭೇದಿಯಲ್ಲಿ ದೊಡ್ಡ ಇಳಿಕೆ ಕಾಣಲಿಲ್ಲ, ಆದರೆ ರಕ್ತಭೇದಿ ಮತ್ತು ಟೈಫಾಯಿಡ್ ಕಡಿಮೆ ಇತ್ತು. ನೀರೊಂದೇ ಎಲ್ಲ ಗೆಲ್ಲುವುದಿಲ್ಲ. ಗಟಾರ, ಶೌಚ, ಕೈ ತೊಳೆಯುವುದು ಎಲ್ಲ ಜೊತೆಗೂಡಬೇಕು ಎಂದು ಆ ಅಂಕಿಗಳಿಂದ ತಿಳಿಯುತ್ತದೆ.

ಪೈಪಿಗೆ ಗಟಾರ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. 2022ರ ಬೇಸಿಗೆಯಲ್ಲಿ ಪಕ್ಕದ ರಾಯಚೂರು ನಗರದಲ್ಲಿ, 2023ರ ಫೆಬ್ರುವರಿಯಲ್ಲಿ ಯಾದಗಿರಿ ಜಿಲ್ಲೆಯ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರಿನಿಂದ ವಾಂತಿ-ಭೇದಿ ಹರಡಿ ಜೀವಗಳು ಹೋದವು. ಸಾವಾದ ಮೇಲೆ ಟ್ಯಾಂಕ್ ತೊಳೆಯುತ್ತಾರೆ, ಪೈಪ್ ಬದಲಿಸುತ್ತಾರೆ, ಪರಿಹಾರ ಕೊಡುತ್ತಾರೆ. ಆ ಪೈಪ್ ಬದಲಿಸುವ ದುಡ್ಡು ಒಂದು ವರ್ಷ ಮುಂಚೆ ಸಿಕ್ಕಿದ್ದರೆ ಆ ಮನೆಗಳಲ್ಲಿ ತಾಯಂದಿರು ಇರುತ್ತಿದ್ದರು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಬರಲೇಬೇಕು.

ದುಡ್ಡಿನ ಮಾತು. ಗ್ರಾಮ ಪಂಚಾಯಿತಿಯ ನೀರಿನ ಖರ್ಚಿನಲ್ಲಿ ವಿದ್ಯುತ್ ಬಿಲ್ಲು, ನೀರುಗಂಟಿಯ ಸಂಬಳ, ಮೋಟಾರ್ ರೀವೈಂಡಿಂಗ್, ಪೈಪಿನ ತೇಪೆ, ಕ್ಲೋರಿನ್ ಸೇರುತ್ತವೆ. 15ನೇ ಹಣಕಾಸು ಆಯೋಗ 2021–26ರ ಅವಧಿಯ ಪಂಚಾಯಿತಿ ಅನುದಾನದಲ್ಲಿ 60%ನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟಿತ್ತು, ಒಳ್ಳೆಯ ನಿರ್ಧಾರ. ಆದರೂ ಮನೆಮನೆಯಿಂದ ನೀರಿನ ಕರ ಬರುವುದು ಅಷ್ಟಕ್ಕಷ್ಟೇ. ವಾರಕ್ಕೊಮ್ಮೆ ಬರುವ ನೀರಿಗೆ ಯಾಕೆ ಕಟ್ಟಬೇಕು ಎಂದು ಜನ ಕೇಳುತ್ತಾರೆ, ಕರ ಬರದಿದ್ದರೆ ಮೋಟಾರ್ ಹೇಗೆ ರಿಪೇರಿ ಮಾಡಿಸಲಿ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೇಳುತ್ತಾರೆ. ಇಬ್ಬರೂ ಸರಿ. ಇದೇ ಜನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುತ್ತಾರೆ, ಅಂದರೆ ಸಾವಿರ ಲೀಟರಿಗೆ 250 ರೂಪಾಯಿ. ಬಡವರು ನೀರಿಗೆ ದುಡ್ಡು ಕೊಡುವುದಿಲ್ಲ ಎಂಬ ಮಾತನ್ನು ಈ ನಾಣ್ಯದ ಡಬ್ಬಿಯೇ ಸುಳ್ಳು ಮಾಡುತ್ತದೆ. ನಂಬಿಕೆ ಬರುವ ನೀರಿಗೆ ಅವರು ಕೊಡುತ್ತಿದ್ದಾರೆ.

ನೀರುಗಂಟಿಯ ಬಗ್ಗೆ ಎರಡು ಮಾತು. ಬೆಳಗಿನ ಜಾವ ಕರೆಂಟ್ ಬಂದಾಗ ಎದ್ದು ಮೋಟಾರ್ ಚಾಲೂ ಮಾಡುವವನು, ಯಾವ ಓಣಿಗೆ ಎಷ್ಟು ಹೊತ್ತು ಎಂದು ವಾಲ್ವ್ ತಿರುಗಿಸುವವನು, ಕ್ಲೋರಿನ್ ಹಾಕುವವನು ಅವನೇ. ‘ತಮ್ಮಾ, ಇವತ್ತರೆ ನಮ್ಮ ಕಡಿ ಬಿಡ್ತೀ ಏನಪಾ?’ ಎಂದು ಮುದುಕಿಯರು ಕೇಳುವುದು ಅವನನ್ನೇ. ‘ಕರೆಂಟ್ ಇದ್ರ ಬಿಡ್ತೀನವ್ವಾ’ ಎಂದು ಉತ್ತರ ಕೊಡಬೇಕಾದವನೂ ಅವನೇ. ಕೋಟ್ಯಂತರ ರೂಪಾಯಿಯ ಯೋಜನೆಯ ಕೊನೆಯ ಕೊಂಡಿಯಾದ ಈ ಮನುಷ್ಯನಿಗೆ ತಿಂಗಳ ಸಂಬಳ ತಿಂಗಳಿಗೇ ಸಿಗಬೇಕು, ತರಬೇತಿ ಸಿಗಬೇಕು. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಫೀಲ್ಡ್ ಟೆಸ್ಟ್ ಕಿಟ್ ಕೊಟ್ಟು ನೀರಿನ ಪರೀಕ್ಷೆ ಕಲಿಸುವುದು ಜಲ ಜೀವನ್ ಮಿಷನ್‌ನ ಒಳ್ಳೆಯ ಅಂಶ. ಅವರು ಕಂಡುಕೊಂಡ ಫಲಿತಾಂಶ ಆ್ಯಪ್‌ನೊಳಗೆ ಹೋಗುವಂತೆಯೇ ಪಂಚಾಯಿತಿ ಗೋಡೆಯ ಮೇಲೂ ಬರಬೇಕು, ಊರವರು ಓದುವ ಹಾಗೆ.

ಶೌಚಾಲಯದ ಕಡೆ ನೋಡಿದರೆ ಇದೇ ಸಮಸ್ಯೆ ಬೇರೆ ರೂಪದಲ್ಲಿ ಕಾಣುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ನೂರು ಮನೆಗಳಲ್ಲಿ ಸುಮಾರು 51ರಲ್ಲಿ ಮಾತ್ರ ಶೌಚಾಲಯವಿತ್ತು, ಹಳ್ಳಿಗಳಲ್ಲಿ ಅದಕ್ಕಿಂತ ತೀರಾ ಕಡಿಮೆ. 2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತ ಅಭಿಯಾನ ಮನೆಗೆ 12,000 ರೂಪಾಯಿ ಪ್ರೋತ್ಸಾಹಧನ ಕೊಟ್ಟು ಐದು ವರ್ಷದಲ್ಲಿ ಚಿತ್ರ ಬದಲಿಸಿತು. ಕತ್ತಲಾಗುವುದನ್ನು ಕಾಯುತ್ತಾ ದಿನವಿಡೀ ನೀರು ಕುಡಿಯದೆ ಇರುತ್ತಿದ್ದ ಹೆಣ್ಣುಮಕ್ಕಳಿಗೆ ಅದು ಎಂಥ ಬಿಡುಗಡೆ ಎಂಬುದನ್ನು ರಸ್ತೆ ಬದಿಯಲ್ಲಿ ಗಾಡಿಯ ಲೈಟ್ ಬಿದ್ದಾಗ ಎದ್ದು ನಿಂತವರೇ ಬಲ್ಲರು.

ಕಟ್ಟುವಾಗ ದೇಶಕ್ಕೆಲ್ಲ ಹೇಳಿದ ಮಾದರಿ ಜೋಡಿ ಗುಂಡಿ. ಒಂದು ಗುಂಡಿ ತುಂಬಿದ ಮೇಲೆ ಜಂಕ್ಷನ್ ಚೇಂಬರ್‌ನಲ್ಲಿ ದಾರಿ ತಿರುಗಿಸಿ ಎರಡನೆಯದಕ್ಕೆ ಬಿಡುವುದು. ಮೊದಲನೆಯದು ಒಂದೆರಡು ವರ್ಷ ಸುಮ್ಮನಿದ್ದರೆ ಒಳಗಿನದು ಗೊಬ್ಬರವಾಗುತ್ತದೆ, ಯಾರು ಬೇಕಾದರೂ ತೆಗೆಯಬಹುದು. ಅದ್ಭುತವಾದ, ಅಗ್ಗದ ವಿಧಾನ, ಮಣ್ಣು ನೀರು ಹೀರಿಕೊಳ್ಳುವ ಕಡೆ. ನಮ್ಮ ಎರೆ ಭೂಮಿ ಹೀರುವುದಿಲ್ಲ. ಮಳೆಗಾಲದಲ್ಲಿ ಉಬ್ಬಿ ಗುಂಡಿಯ ಇಟ್ಟಿಗೆಯನ್ನು ಒಳಕ್ಕೆ ತಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಕಪ್ಪು ಮಣ್ಣಿನಲ್ಲಿ ಗುಂಡಿಯ ಸುತ್ತ ಹೊರಗಡೆ 30 ಸೆಂಟಿಮೀಟರ್ ದಪ್ಪಕ್ಕೆ ಮರಳು, ಜಲ್ಲಿ ತುಂಬಬೇಕೆಂದು ತಾಂತ್ರಿಕ ಕೈಪಿಡಿಗಳು ಹೇಳುತ್ತವೆ. ಮರಳಿನ ಇಂದಿನ ಬೆಲೆಯಲ್ಲಿ 12,000 ರೂಪಾಯಿಯೊಳಗೆ ಅದನ್ನು ಯಾರು ತುಂಬಿಸಿಯಾರು? ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಇನ್ನೊಂದು ತೊಂದರೆ. ಎರಡು ಅಡಿ ಅಗೆದರೆ ಫರ್ಸಿ ಕಲ್ಲಿನ ಹಾಸು. ಮನೆ ಕಟ್ಟಲು ಒಳ್ಳೆಯದು, ಗುಂಡಿ ತೋಡಲು ಕಷ್ಟ, ಕಲ್ಲಿನ ಸಂದಿಯಲ್ಲಿ ಕೊಳೆ ನೀರು ಎಲ್ಲಿಗೆ ಹೋಗಿ ಯಾರ ಬಾವಿ ಸೇರುತ್ತದೋ ಹೇಳಲಾಗದು. ಹೀಗಾಗಿ ಎಷ್ಟೋ ಮನೆಯವರು ಒಂದೇ ದೊಡ್ಡ, ಆಳದ ಗುಂಡಿ ತೋಡಿಸುತ್ತಾರೆ. ಬೇಗ ತುಂಬಬಾರದು ಎಂಬ ಆಸೆ. ಆಳವಾದಷ್ಟೂ ಅದು ಅಂತರ್ಜಲಕ್ಕೆ ಹತ್ತಿರ. ಬೋರಿನ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮಿತಿ ದಾಟಲು ಹೊಲದ ಗೊಬ್ಬರದ ಜೊತೆ ಇದೂ ಒಂದು ಕಾರಣ.

ಆ ಗುಂಡಿಗಳು ಈಗ ಹತ್ತು ವರ್ಷದ ಹಳೆಯವು, ತುಂಬುತ್ತಿವೆ. ಗಾಡಿ ತರಿಸಿ ಖಾಲಿ ಮಾಡಿಸಿದರೆ ಆ ಗಾಡಿ ಅದನ್ನು ಎಲ್ಲಿ ಸುರಿಯುತ್ತದೆ? ಸಂಸ್ಕರಣಾ ಘಟಕ ಹತ್ತಿರವಿಲ್ಲದಿದ್ದರೆ ಹಳ್ಳಕ್ಕೋ ಪಾಳು ಹೊಲಕ್ಕೋ. ಗಾಡಿಗೆ ದುಡ್ಡಿಲ್ಲದಿದ್ದರೆ ಮನುಷ್ಯನನ್ನು ಇಳಿಸುತ್ತಾರೆ, ಅದೂ ಯಾವ ಜಾತಿಯವನನ್ನು ಎಂಬುದು ಎಲ್ಲರಿಗೂ ಗೊತ್ತು. 2013ರ ಕಾಯ್ದೆ ಇದನ್ನು ನಿಷೇಧಿಸಿದೆ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನಿಗದಿಪಡಿಸಿತು. ಪರಿಹಾರದ ಮೊತ್ತ ಏರಿದ್ದಕ್ಕಿಂತ ಮೊದಲು ಗುಂಡಿಗೆ ಇಳಿಯುವುದು ನಿಲ್ಲಬೇಕಿತ್ತು. ಇದಕ್ಕೆ ದಾರಿ ಹುಡುಕಲು ಬೇರೆ ರಾಜ್ಯಕ್ಕೆ ಹೋಗಬೇಕಿಲ್ಲ: 2015ರಿಂದ ದೇವನಹಳ್ಳಿಯಲ್ಲಿ ಗುಂಡಿಗಳ ಮಲತ್ಯಾಜ್ಯವನ್ನೇ ಸಂಸ್ಕರಿಸುವ ಪಟ್ಟಣ ಮಟ್ಟದ ಘಟಕವಿದೆ. ಅಂಥದ್ದು ಪ್ರತಿ ತಾಲ್ಲೂಕಿಗೆ ಒಂದಾದರೂ ಬೇಕು.

ನಳದ ನೀರು ಹೆಚ್ಚಾದಂತೆ ಬಚ್ಚಲ ನೀರೂ ಹೆಚ್ಚುತ್ತದೆ. ಬಳಸಿದ ನೀರಿನಲ್ಲಿ ಸುಮಾರು 80% ಕೊಳೆ ನೀರಾಗಿ ಹೊರಬೀಳುತ್ತದೆ ಎಂದು ಎಂಜಿನಿಯರುಗಳು ಹಿಡಿಯುತ್ತಾರೆ. ಎರಡು ಸಾವಿರ ಜನರ ಊರಲ್ಲಿ ತಲೆಗೆ 55 ಲೀಟರ್ ಬಂದರೆ ದಿನಕ್ಕೆ 88,000 ಲೀಟರ್ ಗಟಾರಕ್ಕೆ. ಗಟಾರವೇ ಇಲ್ಲದ ಓಣಿಯಲ್ಲಿ ಅದು ರಸ್ತೆಯಲ್ಲಿ ನಿಂತು ಸೊಳ್ಳೆ ಸಾಕುತ್ತದೆ. ನರೇಗಾದಡಿ ತೋಡಿಸಿದ ಬಚ್ಚಲು ಗುಂಡಿಗಳು ಕೆಂಪು ನೆಲದಲ್ಲಿ ಚೆನ್ನಾಗಿ ನಡೆದವು. ಎರೆ ನೆಲದಲ್ಲಿ ಮತ್ತೆ ಹಳೆಯ ತೊಂದರೆಯೇ.

ಹಾಗಾದರೆ ಬಡ ಊರುಗಳಿಗೆ ಇದು ಆಗದ ಕೆಲಸವೇ? ಕಾಂಬೋಡಿಯಾದ ನಾಮ್ ಪೆನ್ ನಗರ ಯುದ್ಧದಲ್ಲಿ ಹಾಳಾಗಿ ಹೋಗಿತ್ತು. 1993ರಲ್ಲಿ ಎಕ್ ಸೊನ್ ಚಾನ್ ಎಂಬ ಎಂಜಿನಿಯರ್ ಅಲ್ಲಿನ ನೀರು ಸರಬರಾಜು ಸಂಸ್ಥೆಯ ಹೊಣೆ ಹೊತ್ತಾಗ ಸೋರಿಕೆ, ಕಳ್ಳತನ, ಬಿಲ್ಲಾಗದೆ ಹೋಗುವ ನೀರಿನ ಪ್ರಮಾಣ 72%. ಮೀಟರ್ ಹಾಕಿಸಿ, ದೊಡ್ಡವರ ಬಾಕಿಯನ್ನೂ ವಸೂಲಿ ಮಾಡಿ, ಸೋರಿಕೆ ಹಿಡಿಯಲು ತಂಡ ಕಟ್ಟಿ, ಬಡವರಿಗೆ ಸಂಪರ್ಕದ ಖರ್ಚನ್ನು ಕಂತಿನಲ್ಲಿ ಕಟ್ಟಲು ಬಿಟ್ಟು, ಒಂದೂವರೆ ದಶಕದಲ್ಲಿ ಅದನ್ನು 6%ರ ಆಸುಪಾಸಿಗೆ ಇಳಿಸಿದರು. ನೀರು 24 ಗಂಟೆ ಬರತೊಡಗಿತು. ನಮ್ಮ ದೇಶದಲ್ಲೇ ಒಡಿಶಾದ ಪುರಿಯಲ್ಲಿ 2021ರಿಂದ ನಳದಿಂದಲೇ ನೇರವಾಗಿ ಕುಡಿಯುವ ನೀರು ಕೊಡುತ್ತಿದ್ದಾರೆ. ‘ಜಲಸಾಥಿ’ ಎಂಬ ಸ್ವಸಹಾಯ ಸಂಘದ ಮಹಿಳೆಯರು ಮೀಟರ್ ನೋಡಿ, ಬಿಲ್ಲು ವಸೂಲಿ ಮಾಡಿ, ನೀರು ಪರೀಕ್ಷಿಸುತ್ತಾರೆ. ಇನ್ನೂ ಹಿಂದಿನದು ಬೇಕೆಂದರೆ ಬೀದರಿನಲ್ಲೇ ಇದೆ. ಬಹಮನಿ ಕಾಲದ ನೌಬಾದ್ ಕರೇಜ್, ಜಂಬಿಟ್ಟಿಗೆ ಪದರದಲ್ಲಿ ಇಳಿದ ಮಳೆನೀರು ಕೆಳಗಿನ ಬಸಾಲ್ಟಿಗೆ ತಾಗುವ ಜಾಗ ಗುರುತಿಸಿ ಕೊರೆದ ಸುರಂಗ ಕಾಲುವೆ. ಅದರ ಮೇಲೆ ಅಲ್ಲಲ್ಲಿ ಬಾವಿಯಂಥ ತೂತುಗಳನ್ನು ಬಿಟ್ಟಿದ್ದರು, ಗಾಳಿಗೂ ಹೂಳೆತ್ತಲು ಇಳಿಯುವುದಕ್ಕೂ. ಕಟ್ಟುವಾಗಲೇ ದುರಸ್ತಿಗೆ ದಾರಿ ಇಟ್ಟಿದ್ದರು ಎಂಬುದು ನನಗೆ ಬಹಳ ದೊಡ್ಡ ವಿಷಯ.

ಈ ಮೂರೂ ಜಿಲ್ಲೆಗಳು ಸೇರಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಬಲವಿದೆ, ಪ್ರದೇಶಾಭಿವೃದ್ಧಿ ಮಂಡಳಿಗೆ ಸರ್ಕಾರ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸಿದೆ. ಅದರಲ್ಲಿ ಹೊಸ ಕಾಮಗಾರಿಗಳ ಜೊತೆಗೆ ಒಂದು ನಿಶ್ಚಿತ ಪಾಲು ನೀರಿನ ನಿರ್ವಹಣೆಗೆಂದೇ ಇರಲಿ. ಹದಿನೈದಿಪ್ಪತ್ತು ಪಂಚಾಯಿತಿಗಳಿಗೆ ಸೇರಿ ಒಂದು ದುರಸ್ತಿ ತಂಡ, ಒಬ್ಬ ಎಲೆಕ್ಟ್ರಿಷಿಯನ್, ಇಬ್ಬರು ಫಿಟ್ಟರ್, ಒಂದು ಗಾಡಿ, ಮೀಸಲು ಮೋಟಾರುಗಳು. ಪಂಪು ಸುಟ್ಟ 48 ಗಂಟೆಯೊಳಗೆ ನೀರು ಮತ್ತೆ ಬರಬೇಕೆಂಬ ಷರತ್ತು. ಆಫ್ರಿಕಾದ ಸಹಾರಾದ ಕೆಳಗಿನ ದೇಶಗಳಲ್ಲಿ ದಾನಿಗಳು ಹಾಕಿಸಿಕೊಟ್ಟ ಕೈಪಂಪುಗಳಲ್ಲಿ ಯಾವುದೇ ಹೊತ್ತಿನಲ್ಲಿ ನಾಲ್ಕಕ್ಕೊಂದರಷ್ಟು ಕೆಟ್ಟು ನಿಂತಿರುತ್ತವೆ ಎಂದು ಅಂದಾಜು. ಪಂಪು ಊರಿನದೇ, ನೋಡಿಕೊಳ್ಳುವುದೂ ಊರಿನದೇ ಹೊಣೆ ಎಂದು ಬಿಟ್ಟದ್ದರ ಫಲ ಅದು. ನಮ್ಮ ಹಳ್ಳಿಯ ನೀರು ಮತ್ತು ನೈರ್ಮಲ್ಯ ಸಮಿತಿಗಳನ್ನು ಕಾಗದದ ಮೇಲೆ ರಚಿಸಿ ಕೈ ತೊಳೆದುಕೊಂಡರೆ ಇಲ್ಲೂ ಅದೇ ಆಗುತ್ತದೆ. ಶೌಚಾಲಯಕ್ಕೂ ಹೊಸದಾಗಿ ಕಟ್ಟುವವರಿಗೆ ಮಾತ್ರ ಕೊಡದೆ, ಇರುವ ಗುಂಡಿಯನ್ನು ಎರೆ ನೆಲಕ್ಕೆ ತಕ್ಕಂತೆ ಸರಿಪಡಿಸಿಕೊಳ್ಳುವವರಿಗೂ ಸಹಾಯಧನ ಬೇಕು.

2028ರೊಳಗೆ ಹಳ್ಳಿಯೊಳಗಿನ ಪೈಪುಗಳು ಒಂದೊಂದಾಗಿ ಪಂಚಾಯಿತಿಗೆ ಹಸ್ತಾಂತರವಾಗುತ್ತವೆ. ಪಂಚಾಯಿತಿ ಸಹಿ ಹಾಕುವ ಮೊದಲು ಕಾಮಗಾರಿ ಒಂದು ಪೂರ್ತಿ ಬೇಸಿಗೆ ದಾಟಿರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಅಳತೆ ನಡೆಯಬೇಕು, ಅದೂ ಟ್ಯಾಂಕಿನ ಬುಡದಲ್ಲಿ ನಿಂತು ಅಲ್ಲ. ಊರಾಚೆಯ ದಲಿತ ಓಣಿಯ, ತಾಂಡಾದ ಕೊನೆಯ ಮನೆಯ ನಳದ ಕೆಳಗೆ ಕೊಡ ಇಟ್ಟು, ಎಷ್ಟು ನಿಮಿಷಕ್ಕೆ ತುಂಬಿತು, ಕ್ಲೋರಿನ್ ಎಷ್ಟು ಉಳಿದಿದೆ ಎಂದು ಆ ಮನೆಯವರ ಎದುರೇ ಬರೆದುಕೊಂಡು, ಆ ಕಾಗದವನ್ನೇ ಹಸ್ತಾಂತರ ಪತ್ರಕ್ಕೆ ಲಗತ್ತಿಸಬೇಕು. ಗುತ್ತಿಗೆದಾರನ ಕೊನೆಯ ಬಿಲ್ಲು ಪಾಸಾಗುವುದೂ ಆ ಕಾಗದದ ಮೇಲೆಯೇ ಆಗಲಿ.